ಹಿಂದಿನ ಡ್ರಮ್ ಬ್ರೇಕ್ ಕೆಲಸಕ್ಕೆ ನಿಜವಾಗಿ ಬೇಕಾದ ಟೂಲ್ಸ್ ಯಾವುವು? ಕಿಟ್‌ನಲ್ಲಿರೋದು ಅರ್ಧ ಹೊಂದ್ತಿಲ್ಲ

ಹಿಂಗಾಲಿ:

ಎಲ್ಲರಿಗೂ ನಮಸ್ಕಾರ. ಫ್ರಂಟ್ ವೀಲ್ ಡ್ರೈವ್ ಸಣ್ಣ ಕಾರು, ಹಿಂದೆ 200 ಮಿ.ಮೀ. ಡ್ರಮ್. ಎರಡೂ ಕಡೆ ಶೂ (ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸೋ ಬಿಲ್ಲಿನಾಕಾರದ ತುಂಡು) ಬದಲಿಸಬೇಕು. ಜ್ಯಾಕ್, ಎರಡು ಸ್ಟ್ಯಾಂಡ್, ಸಾಕೆಟ್ ಸೆಟ್, ಟಾರ್ಕ್ ರೆಂಚ್ ಇವೆ. ಇದಕ್ಕೆಂದೇ ಎಂಟು ತುಂಡಿನ ಡ್ರಮ್ ಬ್ರೇಕ್ ಕಿಟ್ ತಂದಾಯ್ತು. ಎಡಗಡೆ ಡ್ರಮ್ ತೆಗೆದು ನೋಡಿದರೆ ಅರ್ಧಕ್ಕರ್ಧ ಟೂಲ್ ಯಾವುದಕ್ಕೂ ಹೊಂದುತ್ತಿಲ್ಲ.

ಒಂದು ತುದಿ ದುಂಡಗೆ, ಬಾಯಿ ತೆರೆದ ಸಾಕೆಟ್ ಥರ ಇರೋ ಉದ್ದನೆಯ ಟೂಲ್ ಇದೆಯಲ್ಲ, ಅದನ್ನು ಕೂರಿಸೋಕೆ ಒಳಗೆ ಗೂಟವೇ ಇಲ್ಲ. ದೊಡ್ಡ ಸ್ಪ್ರಿಂಗ್ ಪ್ಲೈಯರ್‌ನ ಚೂಪು ದವಡೆ ಶೂ ಮೇಲಿನ ಲೈನಿಂಗ್‌ಗೆ (ಡ್ರಮ್ಮಿಗೆ ಉಜ್ಜೋ ಪದರ) ಕಚ್ಚಿ ಗುಳಿ ಮಾಡ್ತು (ಹಳೇ ಶೂ, ಚಿಂತೆಯಿಲ್ಲ, ಹೊಸದಕ್ಕೂ ಹೀಗೇ ಆದರೆ?). ಶೂ ಒತ್ತಿ ಹಿಡಿಯೋ ಸ್ಪ್ರಿಂಗ್‌ನ ಬಟ್ಟಲಿನ ಮೇಲೆ ಅದರ ಟೂಲ್ ಇಟ್ಟು ತಿರುಗಿಸಿದರೆ ಬಟ್ಟಲು ಅಲ್ಲೇ ನಿಲ್ಲುತ್ತೆ, ಟೂಲ್ ಮಾತ್ರ ತಿರುಗುತ್ತೆ. ಬಲಗಡೆ ಡ್ರಮ್ ಅಂತೂ ಜಪ್ಪಯ್ಯ ಅಂದ್ರೂ ಬರ್ತಿಲ್ಲ.

ಕಿಟ್‌ನಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಿಯಾಗಿ ಒಳ್ಳೇದು ತರಬೇಕು? ವೀಲ್ ಸಿಲಿಂಡರ್ (ಪೆಡಲ್ ಒತ್ತಿದಾಗ ಶೂಗಳನ್ನು ಹೊರಕ್ಕೆ ತಳ್ಳೋದು) ಮುಟ್ಟೋದಿಲ್ಲ ಅಂದ್ರೆ ಬ್ರೇಕ್ ಪೈಪಿನ ಸ್ಪ್ಯಾನರ್ ಬೇಕಾ?

ಸ್ಪ್ರಿಂಗ್‌ಮೇಷ್ಟ್ರು:

ಟೂಲ್ ಹೊಂದದಿರುವುದಕ್ಕೆ ಕಾರಣ ಕಿಟ್ಟಿನ ಗುಣಮಟ್ಟ ಅಷ್ಟೇ ಅಲ್ಲ. ಆ ಕಿಟ್ ಮಾಡಿರೋದೇ ಬೇರೆ ಜಾತಿಯ ಬ್ರೇಕಿಗೆ. ಡ್ರಮ್ ತೆಗೆದ ಮೇಲೆ ಮೊದಲು ನೋಡಬೇಕಾದದ್ದು ಸ್ಪ್ರಿಂಗ್‌ನ ತುದಿಗಳು ಎಲ್ಲಿ ಸಿಕ್ಕಿಕೊಂಡಿವೆ ಅನ್ನೋದನ್ನ.

ಮೇಲ್ಗಡೆ, ವೀಲ್ ಸಿಲಿಂಡರ್‌ನ ಮೇಲೆ ದಪ್ಪ ಗೂಟ ಇದ್ದು, ಎರಡೂ ಶೂಗಳಿಂದ ಒಂದೊಂದು ಬಲವಾದ ಸ್ಪ್ರಿಂಗ್ ಹೋಗಿ ಆ ಗೂಟಕ್ಕೆ ಕೊಕ್ಕೆ ಹಾಕಿಕೊಂಡಿದ್ದರೆ ಅದು ಡ್ಯುಯೋ ಸರ್ವೋ. ಕೆಳಗೆ ಶೂಗಳು ಯಾವುದಕ್ಕೂ ಆನಿಕೊಂಡಿರಲ್ಲ, ನಡುವೆ ಅಡ್ಜಸ್ಟರ್ (ಶೂಗೂ ಡ್ರಮ್ಮಿಗೂ ಅಂತರ ಹೊಂದಿಸೋ ಸ್ಕ್ರೂ ಕಡ್ಡಿ) ತೇಲ್ತಾ ಇರುತ್ತೆ. ರಿಯರ್ ವೀಲ್ ಡ್ರೈವ್ ಗಾಡಿ, ಪಿಕಪ್‌ಗಳಲ್ಲಿ ಜಾಸ್ತಿ. ನಿಮ್ಮ ದುಂಡು ಬಾಯಿಯ ಟೂಲ್ ಆ ಗೂಟಕ್ಕೆ ಮಾಡಿದ್ದು: ಗೂಟದ ಮೇಲೆ ಕೂರಿಸಿ ತಿರುಗಿಸಿದರೆ ಅಂಚಿನ ಮೂಗು ಸ್ಪ್ರಿಂಗ್ ಕೊಕ್ಕೆಯನ್ನು ಎತ್ತಿ ಆಚೆ ಜಾರಿಸುತ್ತೆ.

ನಿಮ್ಮದು ಲೀಡಿಂಗ್-ಟ್ರೇಲಿಂಗ್. ಕೆಳಗೆ ಬ್ಯಾಕ್ ಪ್ಲೇಟಿಗೆ (ಶೂಗಳ ಹಿಂದಿನ ತಗಡಿನ ತಟ್ಟೆ) ರಿವೆಟ್ ಹೊಡೆದ ಕಟ್ಟೆ, ಎರಡೂ ಶೂಗಳ ಕಾಲು ಅದಕ್ಕೆ ಆನಿಕೊಂಡಿರುತ್ತೆ. ಒಂದು ಸ್ಪ್ರಿಂಗ್ ಕೆಳಗೆ ಶೂನಿಂದ ಶೂಗೆ, ಇನ್ನೊಂದು ಮೇಲೆ ಶೂನಿಂದ ಶೂಗೆ. ಅಡ್ಜಸ್ಟರ್ ಕಡ್ಡಿ ಸಿಲಿಂಡರ್‌ನ ಸ್ವಲ್ಪ ಕೆಳಗೆ. ಇಲ್ಲಿ ಗೂಟವೇ ಇಲ್ಲ, ಹಾಗಾಗಿ ಗೂಟದ ಟೂಲಿಗೆ ಕೆಲಸವೂ ಇಲ್ಲ.

ಇನ್ನೊಂದು ವಿಷಯ. ಈ ಜಾತಿಯಲ್ಲಿ ಸ್ಪ್ರಿಂಗ್‌ನ ಜೊತೆ ಗುದ್ದಾಡೋ ಅಗತ್ಯವೇ ಬರಲ್ಲ, ಕ್ರಮ ಸರಿ ಇದ್ದರೆ. ಮೊದಲು ಎರಡೂ ಒತ್ತು ಸ್ಪ್ರಿಂಗ್ ಬಿಚ್ಚಿ. ಆಮೇಲೆ ಒಂದು ಶೂನ ಕಾಲನ್ನು ಕೆಳಗಿನ ಕಟ್ಟೆಯಿಂದ ನಿಮ್ಮ ಕಡೆಗೆ ಎಳೆದು, ಕಟ್ಟೆಯ ಮುಂದಕ್ಕೆ ಜಾರಿಸಿ. ಎರಡು ಶೂಗಳ ಕಾಲು ಹತ್ತಿರ ಬಂದ ಕೂಡಲೇ ಕೆಳಗಿನ ಸ್ಪ್ರಿಂಗ್ ಸಡಿಲ, ಕೈಯಲ್ಲೇ ಬರುತ್ತೆ. ಇನ್ನು ಶೂಗಳ ತಲೆಯನ್ನು ಸಿಲಿಂಡರ್‌ನಿಂದ ಹೊರಗೆ ತಂದರೆ ಇಡೀ ಜೋಡಿ ಅಡ್ಜಸ್ಟರ್ ಸಮೇತ ಕೈಗೆ. ಹಿಂದಿನ ಶೂನ ಬೆನ್ನಿಗೆ ಹ್ಯಾಂಡ್ ಬ್ರೇಕ್ ಕೇಬಲ್ ಒಂದೇ ಅಂಟಿಕೊಂಡಿರುತ್ತೆ.

ಜೋಡಿಸುವಾಗಲೂ ಹಾಗೇ: ಮೇಲಿನ ಸ್ಪ್ರಿಂಗ್, ಅಡ್ಜಸ್ಟರ್ ಎಲ್ಲವನ್ನೂ ಟೇಬಲ್ ಮೇಲೇ ಹಾಕಿ, ಜೋಡಿಯನ್ನು ಹಬ್‌ನ ಮೇಲೆ ಅಗಲಿಸಿ ಕೂರಿಸಿ, ಒಂದು ಶೂಗೆ ಒತ್ತು ಸ್ಪ್ರಿಂಗ್ ಹಾಕಿ ನಿಲ್ಲಿಸಿ, ಕೆಳಗಿನ ಸ್ಪ್ರಿಂಗ್ ಕೊಕ್ಕೆ ಹಾಕಿ, ಕೊನೆಗೆ ಇನ್ನೊಂದು ಶೂನ ಕಾಲನ್ನು ಅಗಲ ತುದಿಯ ಸ್ಕ್ರೂಡ್ರೈವರ್‌ನಿಂದ ಮೀಟಿ ಕಟ್ಟೆಗೆ ತಳ್ಳಿ. ತಲೆ ಕಡೆ ಮೀಟಬೇಡಿ. ಶೂನ ಅಂಚು ಸಿಲಿಂಡರ್‌ನ ರಬ್ಬರ್ ಬೂಟಿಗೆ ತಗುಲಿದರೆ ಹರಿದೇ ಹೋಗುತ್ತೆ, ಆಗ ಸಿಲಿಂಡರ್ ಮುಟ್ಟಲ್ಲ ಅನ್ನೋ ನಿಮ್ಮ ಲೆಕ್ಕಾಚಾರ ಮುಗೀತು.

ಈಗ ಟೂಲ್‌ಗೆ ಬರೋಣ. ನಿಮ್ಮ ಬ್ರೇಕಿಗೆ ಬಿಡಿಯಾಗಿ ಒಳ್ಳೇದು ತರಬೇಕಾದ್ದು ಮೂರೇ.

ಮೊದಲನೆಯದು ಒತ್ತು ಸ್ಪ್ರಿಂಗ್‌ನ ಟೂಲ್. ಬ್ಯಾಕ್ ಪ್ಲೇಟಿನ ಹಿಂದಿನಿಂದ ಬರೋ ಮೊಳೆಯ ತುದಿ ಚಪ್ಪಟೆ, ಬಟ್ಟಲಿನ ನಡುವೆ ಅದಕ್ಕೆ ಸರಿಯಾದ ಸೀಳು. ಸೀಳಿಗೆ ಅಡ್ಡ ಇರೋ ಹಳ್ಳದಲ್ಲಿ ಮೊಳೆಯ ತುದಿ ಕೂತಿರುತ್ತೆ. ಬಟ್ಟಲನ್ನು 3–4 ಮಿ.ಮೀ. ಒಳಕ್ಕೆ ಒತ್ತಿ 90 ಡಿಗ್ರಿ ತಿರುಗಿಸಿದರೆ ಬಿಡುತ್ತೆ. ಟೂಲ್ ಮಾತ್ರ ತಿರುಗೋದು ಎರಡು ಕಾರಣಕ್ಕೆ. ಒಂದು, ಟೂಲಿನ ಬಾಯಿ ಬಟ್ಟಲಿಗಿಂತ ದೊಡ್ಡದು ಅಥವಾ ಒಳಗಿನ ಹಲ್ಲು ಆಳ ಸಾಲದು. ವರ್ನಿಯರ್‌ನಲ್ಲಿ ಬಟ್ಟಲಿನ ಹೊರ ಅಳತೆ ತೆಗೆದುಕೊಂಡೇ ಟೂಲ್ ಆರಿಸಿ, ಬಾಯಿಯ ಅಂಚಿನಲ್ಲಿ ಬಟ್ಟಲನ್ನು ಕಚ್ಚೋ ಹಲ್ಲುಗಳು ಸ್ಪಷ್ಟವಾಗಿರಲಿ. ಎರಡು, ಹಿಂದೆ ಮೊಳೆಯ ತಲೆಯನ್ನು ಬೆರಳಲ್ಲಿ ಒತ್ತಿ ಹಿಡಿದಿಲ್ಲ. ಹಿಡಿಯದೆ ಒತ್ತಿದರೆ ಮೊಳೆಯೂ ಹಿಂದಕ್ಕೆ ಹೋಗುತ್ತೆ, ಬಟ್ಟಲಿನ ಜೊತೆ ಅದೂ ತಿರುಗುತ್ತೆ. ಹಿಡಿಕೆ ಸ್ಕ್ರೂಡ್ರೈವರ್‌ನದರ ಥರ ದಪ್ಪ ಇರಲಿ. ಬರೀ ಗೀರು ಹಾಕಿದ ತೆಳು ಕಡ್ಡಿಯಾದರೆ ಗ್ರೀಸ್ ಕೈಗೆ ಜಾರುತ್ತೆ. ಬಟ್ಟಲು ಇಲ್ಲದೆ ಮಡಚಿದ ಯು ಆಕಾರದ ಪಟ್ಟಿ ಕ್ಲಿಪ್ ಇದ್ದರೆ ಈ ಟೂಲ್ ಬೇಡ: ಪ್ಲೈಯರ್‌ನಲ್ಲಿ ಒತ್ತಿ ಪಕ್ಕಕ್ಕೆ ಜಾರಿಸಿದರೆ ಮೊಳೆಯ ತಲೆ ದೊಡ್ಡ ತೂತಿಗೆ ಬಂದು ಬಿಡುತ್ತೆ.

ಎರಡನೆಯದು ಟಿ ಹಿಡಿಕೆಯ ಕೊಕ್ಕೆ. ಎಳೆಯೋದಕ್ಕೆ ಇದಕ್ಕಿಂತ ಒಳ್ಳೇದಿಲ್ಲ. ಕಡ್ಡಿ ಬಾಗದಷ್ಟು ದಪ್ಪ ಇರಲಿ, ಕೊಕ್ಕೆಯ ಬಾಯಿ ಸ್ಪ್ರಿಂಗ್ ತಂತಿಗಿಂತ ಸ್ವಲ್ಪವೇ ಅಗಲ ಇರಲಿ. ಜೊತೆಗೆ ಮಾಮೂಲಿ ಲಾಕಿಂಗ್ ಪ್ಲೈಯರ್. ಅದರಲ್ಲಿ ಸ್ಪ್ರಿಂಗ್‌ನ ನೇರ ತುದಿಯನ್ನಷ್ಟೇ ಹಿಡೀಬೇಕು, ಸುರುಳಿಯನ್ನಲ್ಲ. ಸುರುಳಿಗೆ ಹಲ್ಲಿನ ಗೀರು ಬಿದ್ದರೆ ಮುಂದೆ ಅದೇ ಜಾಗದಲ್ಲಿ ತುಂಡಾಗುತ್ತೆ.

ಮೂರನೆಯದು ಹ್ಯಾಂಡ್ ಬ್ರೇಕ್ ಕೇಬಲ್ ಪ್ಲೈಯರ್. ಕೇಬಲ್ ತುದಿಯ ಗುಂಡಿನ ಹಿಂದೆ ಒಂದು ಸ್ಪ್ರಿಂಗ್ ಇದೆ, ಅದನ್ನು ಹಿಂದಕ್ಕೆ ತಳ್ಳಿ ಹಿಡಿದರೆ ಮಾತ್ರ ಲಿವರ್‌ನ ಕೊಕ್ಕೆಯಿಂದ ಕೇಬಲ್ ಬಿಡಿಸಲು ಜಾಗ ಸಿಗುತ್ತೆ. ಈ ಪ್ಲೈಯರ್‌ನ ದವಡೆಯಲ್ಲಿ ಕೇಬಲ್ ಕೂರೋಕೆ ತೋಡು ಇದೆ. ಕಟಿಂಗ್ ಪ್ಲೈಯರ್‌ನಲ್ಲಿ ‘ಮೆಲ್ಲಗೆ’ ಹಿಡೀತೀನಿ ಅಂತ ಮಾಡೋರು ಬಹಳ. ಒಂದೆರಡು ಎಳೆ ಕತ್ತರಿಸಿದ್ದು ಆಗ ಕಾಣಲ್ಲ, ಆರು ತಿಂಗಳಿಗೆ ಕೇಬಲ್ ಬಿಚ್ಚಿಕೊಳ್ಳುತ್ತೆ.

ದೊಡ್ಡ ಸ್ಪ್ರಿಂಗ್ ಪ್ಲೈಯರ್ ಎತ್ತಿಡಿ, ಈ ಬ್ರೇಕಿಗೆ ಬೇಡ. ಡ್ಯುಯೋ ಸರ್ವೋದಲ್ಲೂ ಹೊಸ ಲೈನಿಂಗ್ ಮೇಲೆ ಅದರ ಚೂಪು ದವಡೆ ಊರುವಾಗ ನಡುವೆ ತಗಡಿನ ತುಂಡೊಂದು ಇಡೋದು ರೂಢಿ. ಪ್ಲೈಯರ್‌ನ ಒಂದು ಹಿಡಿಕೆಯ ತುದಿ ಚಮಚದಂತೆ ಬಾಗಿದ್ದರೆ ಅದೇ ಅದರ ಅಸಲಿ ಉಪಯೋಗ: ಸ್ಪ್ರಿಂಗ್ ಕೊಕ್ಕೆಯನ್ನು ಅದರ ಮೇಲೆ ಹಾಕಿ, ತುದಿಯನ್ನು ಗೂಟಕ್ಕೆ ಕೊಟ್ಟು ಎತ್ತಿದರೆ ಕೊಕ್ಕೆ ಜಾರಿ ಗೂಟಕ್ಕೆ ಬೀಳುತ್ತೆ.

ಒಂದು ಕಡೆ ಪೂರ್ತಿ ಮುಗಿಯೋವರೆಗೆ ಇನ್ನೊಂದು ಕಡೆ ಶೂ ಬಿಚ್ಚಬೇಡಿ. ಫೋಟೋ ಇದ್ದರೂ ಸ್ಪ್ರಿಂಗ್ ಹಿಂದಿನಿಂದ ಬಂತಾ ಮುಂದಿನಿಂದ ಬಂತಾ ಅನ್ನೋದು ಫೋಟೋದಲ್ಲಿ ಗೊತ್ತಾಗಲ್ಲ.

ತುಕ್ಕುವೈರಿ:

ಬಲಗಡೆ ಡ್ರಮ್ ಬಗ್ಗೆ ಮಾತ್ರ ಹೇಳ್ತೀನಿ.

ಹ್ಯಾಂಡ್ ಬ್ರೇಕ್ ಇಳಿಸಿದ್ದೀರಿ ತಾನೇ? ಇಳಿಸಿದ್ರೆ ಗಾಡಿ ಉರುಳುತ್ತೆ, ಅದಕ್ಕೆ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಟ್ಟೆ ಕೊಡಿ, ಗೇರಿನಲ್ಲಿ ನಿಲ್ಲಿಸಿ. ಕ್ಯಾಬಿನ್ ಒಳಗೆ ಹ್ಯಾಂಡ್ ಬ್ರೇಕ್ ಲಿವರ್ ಬುಡದಲ್ಲಿ ಕೇಬಲ್ ಅಡ್ಜಸ್ಟ್ ಮಾಡೋ ನಟ್ ಇರುತ್ತೆ, ಅದನ್ನೂ ಸಡಿಲ ಮಾಡಿ.

ಡ್ರಮ್ ಬರದಿರೋದಕ್ಕೆ ಎರಡು ಬೇರೆ ಬೇರೆ ಕಾರಣ ಇರುತ್ತೆ, ಎರಡಕ್ಕೂ ಮದ್ದು ಬೇರೆ. ಮೊದಲು ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿಯೂ ಒಂದು ಕೂದಲಷ್ಟೂ ಹೊರಗೆ ಬರ್ತಿಲ್ಲ ಅಂದ್ರೆ ಹಬ್‌ನ ನಡುವಿನ ಬಳೆಗೆ ತುಕ್ಕು ಹಿಡಿದು ಡ್ರಮ್ ಅಂಟಿದೆ. 5–10 ಮಿ.ಮೀ. ಹೊರಗೆ ಬಂದು, ವಾಲಿ, ಅಲ್ಲಿ ನಿಲ್ತಿದೆ ಅಂದ್ರೆ ಒಳಗೆ ಡ್ರಮ್ ಸವೆದು ಅಂಚಿನಲ್ಲಿ ದಂಡೆ ನಿಂತಿದೆ, ಶೂ ಆ ದಂಡೆಗೆ ಸಿಕ್ಕಿಹಾಕಿಕೊಳ್ತಿದೆ.

ಅಂಟಿದ್ದರೆ: ನಡುವಿನ ಬಳೆಯ ಸುತ್ತ ತಂತಿ ಬ್ರಷ್ ಹಾಕಿ ತುಕ್ಕು ಉದುರಿಸಿ, ತುಕ್ಕು ಬಿಡಿಸೋ ಎಣ್ಣೆ ನಾಲ್ಕು ಹನಿ, ಹದಿನೈದು ನಿಮಿಷ ಬಿಡಿ. ನಾಲ್ಕೇ ಹನಿ. ಜಾಸ್ತಿ ಹೊಡೆದ್ರೆ ಸ್ಟಡ್ ತೂತಿನ ಮೂಲಕ ಒಳಗೆ ಇಳಿದು ಲೈನಿಂಗ್ ನೆನೆಯುತ್ತೆ. ಆಮೇಲೆ ಡ್ರಮ್ಮಿನ ಮುಖದಲ್ಲಿ, ಸ್ಟಡ್‌ಗಳ ನಡುವೆ, ಎರಡು ಥ್ರೆಡ್ ಇರೋ ತೂತು ಹುಡುಕಿ. ಎಷ್ಟೋ ಕಾರುಗಳಲ್ಲಿ ಇದು ಎಂ8, ಪಿಚ್ 1.25. ಆ ಸೈಜಿನ ಎರಡು ಬೋಲ್ಟ್ ಹಾಕಿ ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು, ಹೀಗೇ ಸಮವಾಗಿ ಬಿಗೀತಾ ಹೋಗಿ. ಬೋಲ್ಟ್ ಬಿಗಿ ಹತ್ತಿದ ಮೇಲೆ ಸುತ್ತಿಗೆಯಲ್ಲಿ ಸ್ಟಡ್‌ಗಳ ನಡುವಿನ ಚಪ್ಪಟೆ ಜಾಗಕ್ಕೆ ಹೊಡೀರಿ. ಟಣ್ ಅಂತ ಬಿಡುತ್ತೆ. ಅಂಚಿಗೆ ಹೊಡೀಬೇಡಿ. ಡ್ರಮ್ ಬೀಡುಕಬ್ಬಿಣ, ಅಂಚು ಚಕ್ಕೆ ಏಳುತ್ತೆ, ಇಲ್ಲಾಂದ್ರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತೆ. ಮೂರು ಕಾಲಿನ ಪುಲ್ಲರ್ ಅಂಚಿಗೆ ಹಾಕಿ ಎಳೆಯೋದೂ ಅದೇ ಪಾಪ.

ಕೆಲವು ಡ್ರಮ್‌ಗೆ ಒಂದೋ ಎರಡೋ ತಲೆ ಹುದುಗಿದ ಸ್ಕ್ರೂ ಇರುತ್ತೆ. ಇದಕ್ಕೆ ಇಂಪ್ಯಾಕ್ಟ್ ಡ್ರೈವರ್ ಬೇಕು, ಸುತ್ತಿಗೆಯಲ್ಲಿ ಹೊಡೆದಾಗ ಒತ್ತಿಕೊಂಡೇ ತಿರುಗುತ್ತಲ್ಲ ಅದು. ಬಿಟ್ ಮೂರನೇ ನಂಬರ್ ಸಾಮಾನ್ಯ. ಎರಡನೇ ನಂಬರಿನದು ಹೋಗಿ ಕೂರುತ್ತೆ ಅನ್ನಿಸಿದ್ರೂ ತಳದಲ್ಲಿ ಅಲ್ಲಾಡುತ್ತೆ, ಒಂದೇ ಏಟಿಗೆ ತಲೆ ಸವೆಸುತ್ತೆ.

ದಂಡೆಗೆ ಸಿಕ್ಕಿದ್ದರೆ: ಬ್ಯಾಕ್ ಪ್ಲೇಟಿನ ಹಿಂದೆ ರಬ್ಬರ್ ಮುಚ್ಚಳ ಇದ್ರೆ ಅದನ್ನು ತೆಗೆದು, ಒಂದು ತೆಳ್ಳನೆ ಸ್ಕ್ರೂಡ್ರೈವರ್‌ನಿಂದ ಅಡ್ಜಸ್ಟರ್ ಲಿವರ್ ಎತ್ತಿ ಹಿಡಿದು, ಕಿಟ್‌ನಲ್ಲಿರೋ ಬಾಗಿದ ಚಮಚದಿಂದ ಹಲ್ಲುಚಕ್ರ ಹಿಂದಕ್ಕೆ ತಿರುಗಿಸಿ. ಲಿವರ್ ಎತ್ತದೆ ತಿರುಗಿಸೋಕೆ ಹೋದ್ರೆ ಹಲ್ಲು ಸವೆಯುತ್ತೆ. ಜಬರ್ದಸ್ತಿಯಿಂದ ಎಳೆದ್ರೆ ಒತ್ತು ಸ್ಪ್ರಿಂಗ್‌ನ ಮೊಳೆ ಬ್ಯಾಕ್ ಪ್ಲೇಟನ್ನೇ ಹರಿದುಕೊಂಡು ಬರುತ್ತೆ. ಏನೂ ದಾರಿ ಇಲ್ಲ ಅಂದಾಗ ಹಿಂದಿನಿಂದ ಆ ಎರಡು ಮೊಳೆಗಳ ತಲೆ ಕತ್ತರಿಸಿ, ಶೂ ಸಡಿಲಾಗಿ ಡ್ರಮ್ ಬರುತ್ತೆ. ಮೊಳೆ ಹೊಸದು ಹಾಕಿದ್ರಾಯ್ತು.

ಡ್ರಮ್ಮೂ ಹಬ್ಬೂ ಒಂದೇ ಅಚ್ಚಿನ ಗಾಡಿಯಾದ್ರೆ ಮೇಲಿನ ಯಾವುದೂ ಅನ್ವಯಿಸಲ್ಲ. ಅದರಲ್ಲಿ ನಡುವಿನ ಡಸ್ಟ್ ಕ್ಯಾಪ್ ತೆಗೆದು ದೊಡ್ಡ ನಟ್ ಬಿಚ್ಚಬೇಕು, ಬೇರಿಂಗ್ ಸಮೇತ ಬರುತ್ತೆ. ಅಂಚು ಬಡಿದು ಕೂರಿಸಿದ ನಟ್ ಆಗಿದ್ರೆ ವಾಪಸ್ ಹಾಕುವಾಗ ಹೊಸದೇ ಬೇಕು.

ಹಿಂಗಾಲಿ:

ಸ್ಪ್ರಿಂಗ್‌ಮೇಷ್ಟ್ರೇ, ತುಕ್ಕುವೈರಿಯವರೇ, ಇಬ್ಬರಿಗೂ ಥ್ಯಾಂಕ್ಸ್. ಡ್ರಮ್ಮೂ ಹಬ್ಬೂ ಬೇರೆ ಬೇರೆನೇ. ಬಲಗಡೆ ಡ್ರಮ್ ತಿರುಗುತ್ತೆ, ಆದರೆ ಹೊರಗೆ ಬರ್ತಿರಲಿಲ್ಲ. ಎಂ8 ಬೋಲ್ಟ್ ಎರಡು ಹಾಕಿದ್ದಕ್ಕೆ ಬಂತು. ಮೊಳೆ ತಲೆ ಹಿಡಿದು ಒತ್ತಿದ್ದಕ್ಕೆ ಬಟ್ಟಲೂ ಬಂತು, ಕಿಟ್‌ನ ಟೂಲಿನಲ್ಲೇ.

ಇನ್ನೆರಡು ಪ್ರಶ್ನೆ. ಟಿ ಕೊಕ್ಕೆ ಬದಲು ಹಳೇ ಸ್ಕ್ರೂಡ್ರೈವರ್ ತುದಿಗೆ ವಿ ಆಕಾರದ ಸೀಳು ಹಾಕಿ ಬಳಸಬಹುದಾ? ಮತ್ತೆ, ಡ್ರಮ್ ಒಳಗೆ ಬೆರಳಿಗೆ ಸಿಗೋವಷ್ಟು ದಂಡೆ ಇದೆ. ಡ್ರಮ್ ಬದಲಿಸಬೇಕಾ ಅಂತ ಅಳೆಯೋದು ಯಾವುದರಲ್ಲಿ? ಇರೋದು 150 ಮಿ.ಮೀ. ವರ್ನಿಯರ್.

ಸ್ಪ್ರಿಂಗ್‌ಮೇಷ್ಟ್ರು:

ಸೀಳು ಹಾಕಿದ ಸ್ಕ್ರೂಡ್ರೈವರ್ ತಳ್ಳೋಕೆ ಆಗುತ್ತೆ, ಎಳೆಯೋಕೆ ಆಗಲ್ಲ. ಗ್ರೈಂಡರ್‌ನಲ್ಲಿ ತುದಿ ನೀಲಿ ತಿರುಗೋಷ್ಟು ಕಾಯಿಸಿದ್ರೆ ಉಕ್ಕಿನ ಹದ ಹೋಯ್ತು, ಮೊದಲನೇ ಸ್ಪ್ರಿಂಗ್‌ಗೇ ಮಡಚಿಕೊಳ್ಳುತ್ತೆ. ಆಗಾಗ ನೀರಿಗೆ ಅದ್ದಿ ಉಜ್ಜಿ, ಸೀಳು 3 ಮಿ.ಮೀ. ಆಳ ಸಾಕು. ಎಳೆಯೋಕೆ ಬೇರೇನೂ ಇಲ್ಲ ಅಂದ್ರೆ ಗಟ್ಟಿ ನೈಲಾನ್ ಹಗ್ಗ ಸ್ಪ್ರಿಂಗ್ ಕೊಕ್ಕೆಗೆ ಕುಣಿಕೆ ಹಾಕಿ ಎಳೀರಿ, ಕೊಕ್ಕೆ ತೂತಿಗೆ ಬಿದ್ದ ಮೇಲೆ ಹಗ್ಗ ಎಳೆದು ತೆಗೆಯಬಹುದು.

ತುಕ್ಕುವೈರಿ:

ಹಗ್ಗದ ಉಪಾಯ ಒಪ್ಪಲ್ಲ ಮೇಷ್ಟ್ರೇ. ಕೊಕ್ಕೆಯ ಕತ್ತರಿಸಿದ ತುದಿ ಹರಿತ ಇರುತ್ತೆ, ಪೂರ್ತಿ ಎಳೆದು ಹಿಡಿದಿರೋವಾಗ್ಲೇ ಹಗ್ಗ ಕೊಯ್ಯುತ್ತೆ. ಆಗ ಮುಖ ಎಲ್ಲಿರುತ್ತೆ ಅಂತ ಯೋಚಿಸಿ. ಟಿ ಕೊಕ್ಕೆ ಸಿಗೋವರೆಗೆ ಲಾಕಿಂಗ್ ಪ್ಲೈಯರ್ ಸಾಕು. ಏನೇ ಬಳಸಿದ್ರೂ ಕನ್ನಡಕ ಹಾಕ್ಕೊಳ್ಳಿ, ಓದೋ ಕನ್ನಡಕ ಅಲ್ಲ.

ಕಾಲುಮಿಲಿ:

150ರ ವರ್ನಿಯರ್‌ನಲ್ಲಿ 200ರ ಡ್ರಮ್ ಅಳೆಯಲಾಗದು. 300 ಮಿ.ಮೀ. ವರ್ನಿಯರ್ ಆಗಬೇಕು. ಅದರಲ್ಲೂ ಮೇಲಿನ ಚಿಕ್ಕ ದವಡೆ ನಂಬಬೇಡಿ. ಅದು ದಂಡೆಯನ್ನು ದಾಟಿ ಸವೆದ ಜಾಗಕ್ಕೆ ಮುಟ್ಟದೆ ದಂಡೆಯನ್ನೇ ಅಳೆಯುವ ಸಾಧ್ಯತೆ ಹೆಚ್ಚು. ಕೆಳಗಿನ ಉದ್ದ ದವಡೆಯ ಹೊರಮೈ ದುಂಡಾಗಿ ಉಜ್ಜಿರುವಂಥದ್ದು ಸಿಗುತ್ತದೆ, ಅದರಲ್ಲಿ ಒಳ ಅಳತೆ ತೆಗೆಯಬಹುದು. ಆ ದವಡೆಗಳ ದಪ್ಪವನ್ನು, ಅಂದರೆ ಅದರ ಮೇಲೆಯೇ ಬರೆದಿರುವ ಸಂಖ್ಯೆಯನ್ನು (ಸಾಮಾನ್ಯವಾಗಿ 10 ಮಿ.ಮೀ.) ಕೂಡಿಸಲು ಮರೆಯಬಾರದು.

ಮೂರು ಕಡೆ ಅಳೆಯಿರಿ, ಪ್ರತಿ ಬಾರಿಯೂ 60 ಡಿಗ್ರಿ ತಿರುಗಿಸಿ. ವರ್ನಿಯರನ್ನು ಅತ್ತಿತ್ತ ಮೆಲ್ಲಗೆ ತೂಗಿದಾಗ ಸಿಗುವ ಅತಿ ದೊಡ್ಡ ಸಂಖ್ಯೆಯೇ ವ್ಯಾಸ. ಮೂರೂ ಬೇರೆ ಬೇರೆ ಬಂದರೆ ಡ್ರಮ್ ಮೊಟ್ಟೆಯಾಗಿದೆ. ಬ್ರೇಕ್ ಒತ್ತಿದಾಗ ಪೆಡಲ್ ಕಾಲಡಿ ಮಿಡಿಯುವುದು ಇದರಿಂದಲೇ. ಮಿತಿ ಎಷ್ಟೆಂಬುದನ್ನು ಡ್ರಮ್ಮಿನ ಮೇಲೆಯೇ ‘ಮ್ಯಾಕ್ಸ್ ಡಯಾ’ ಎಂದು ಅಚ್ಚು ಹಾಕಿರುತ್ತಾರೆ. ಉದಾಹರಣೆಗೆ 200ರ ಡ್ರಮ್ಮಿಗೆ 201 ಎಂದಿದ್ದರೆ, ವ್ಯಾಸ 201 ಆದಾಗ ಅದು ಮುಗಿಯಿತು. ತುಕ್ಕು ಕೆರೆದು ಓದಿ, ಅಂದಾಜು ಬೇಡ.

ಸದ್ಯಕ್ಕೆ ನಿಮ್ಮ ಬಳಿ ಇರುವುದರಲ್ಲೇ ಒಂದು ಅಂದಾಜು ಸಿಗುತ್ತದೆ. ದಂಡೆಯ ತುಕ್ಕನ್ನು ಕೆರೆದು, ಅದರ ಮೇಲೆ ಒಂದು ನೇರ ಉಕ್ಕಿನ ಪಟ್ಟಿಯ ಚಿಕ್ಕ ತುಂಡನ್ನು ಅಕ್ಷಕ್ಕೆ ಸಮಾನಾಂತರವಾಗಿ ಒಳಕ್ಕೆ ಚಾಚುವಂತೆ ಒತ್ತಿ ಹಿಡಿದು, ಪಟ್ಟಿಗೂ ಸವೆದ ಮೈಗೂ ನಡುವಿನ ಸಂದಿಗೆ ಫೀಲರ್ ಗೇಜ್ (ದಪ್ಪ ಬರೆದಿರುವ ತೆಳು ಉಕ್ಕಿನ ಎಲೆಗಳ ಗೊಂಚಲು) ತೂರಿಸಿ. ಸಂದಿ 0.4 ಮಿ.ಮೀ. ಇದ್ದರೆ ಎರಡು ಬದಿಗೂ ಸೇರಿ 0.8, ಅಂದರೆ ವ್ಯಾಸ ಹೆಚ್ಚುಕಡಿಮೆ 200.8. ಡ್ರಮ್ ಹಿಂದೆ ಲೇತಿಗೆ ಹೋಗಿ ಬಂದಿದ್ದರೆ ಈ ಲೆಕ್ಕ ಸುಳ್ಳಾಗುತ್ತದೆ, ದಂಡೆಯೂ ಆಗ ಕಡಿದಿರುತ್ತದೆ.

ಇನ್ನು ಹೊಂದಿಸುವಿಕೆ. ಹೊಸ ಶೂ ಹಾಕಿ ಡ್ರಮ್ ಮುಚ್ಚುವ ಮೊದಲೇ ಅಡ್ಜಸ್ಟರ್ ತಿರುಗಿಸಿ, ಶೂಗಳ ಹೊರ ವ್ಯಾಸ ಡ್ರಮ್ಮಿನ ಒಳ ವ್ಯಾಸಕ್ಕಿಂತ ಸುಮಾರು 0.5 ಮಿ.ಮೀ. ಕಡಿಮೆ ಬರುವಂತೆ ನಿಲ್ಲಿಸಿ. ಶೂ ಗೇಜ್ ಇದ್ದರೆ ಒಂದು ಬದಿಯಲ್ಲಿ ಡ್ರಮ್ ಅಳತೆ ಹಿಡಿದು ಇನ್ನೊಂದು ಬದಿಯನ್ನು ಶೂ ಮೇಲೆ ಜಾರಿಸಿ ನೋಡಬಹುದು. ಆ 300ರ ವರ್ನಿಯರ್ ಇದಕ್ಕೂ ಸಾಕು. ಅಳೆಯುವಾಗ ಶೂಗಳು ಬ್ಯಾಕ್ ಪ್ಲೇಟಿನ ನಡುವೆ ಕೂತಿರಬೇಕು, ಒಂದು ಕಡೆ ತಳ್ಳಿಕೊಂಡಿದ್ದರೆ ಸಂಖ್ಯೆ ಸರಿಯಾದರೂ ಡ್ರಮ್ ಹತ್ತುವುದಿಲ್ಲ. ಡ್ರಮ್ ಹಾಕಿ ಕೈಯಲ್ಲಿ ತಿರುಗಿಸಿದರೆ ಸಣ್ಣಗೆ ‘ಸರ್’ ಎನ್ನುವ ಸದ್ದು ಕೇಳಬೇಕು, ಕೈಗೆ ತಡೆ ತಿಳಿಯಬಾರದು. ಆಮೇಲೆ ಪೆಡಲ್ ಹತ್ತಾರು ಬಾರಿ ಒತ್ತಿ. ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿಯುವುದು ಎಲ್ಲದಕ್ಕಿಂತ ಕೊನೆಗೆ. ಶೂ ಸಡಿಲವಿರುವಾಗ ಕೇಬಲ್ ಎಳೆದು ಸರಿಮಾಡಿದರೆ ಲಿವರ್ ಪೂರ್ತಿ ಹಿಂದಕ್ಕೆ ಮರಳುವುದಿಲ್ಲ, ಸೆಲ್ಫ್ ಅಡ್ಜಸ್ಟರ್ ಕೆಲಸ ನಿಲ್ಲಿಸುತ್ತದೆ, ಪೆಡಲ್ ದಿನೇ ದಿನೇ ಕೆಳಗಿಳಿಯುತ್ತದೆ.

ಹನ್ನೊಂದರ_ಪಾನಾ:

ಪೈಪಿನ ಸ್ಪ್ಯಾನರ್ ವಿಚಾರ ಯಾರೂ ಮುಟ್ಟಿಲ್ಲ. ಸಿಲಿಂಡರ್ ಬಿಚ್ಚಲ್ಲ ಅಂದ್ರೂ ಫ್ಲೇರ್ ನಟ್ ಸ್ಪ್ಯಾನರ್ ಒಂದು ಕೈಲಿರಲಿ, 10 ಮತ್ತು 11 ಮಿ.ಮೀ. ಎರಡು ಬಾಯಿದು. ಕಾರಣ: ಶೂ ತೆಗೆದಾಗ ಸಿಲಿಂಡರ್‌ನ ರಬ್ಬರ್ ಬೂಟಿನ ಅಂಚನ್ನು ಮೆಲ್ಲಗೆ ಎತ್ತಿ ನೋಡ್ತೀರಿ. ಒಳಗೆ ಸ್ವಲ್ಪ ಪಸೆ ಇದ್ರೆ ಸರಿ. ಹನಿ ಬಿತ್ತು ಅಂದ್ರೆ ಅವತ್ತೇ ಸಿಲಿಂಡರ್ ಬದಲಿಸಬೇಕು, ಗಾಡಿ ಸ್ಟ್ಯಾಂಡ್ ಮೇಲಿರೋವಾಗ ಸ್ಪ್ಯಾನರ್ ಹುಡುಕಿಕೊಂಡು ಹೋಗೋಕಾಗಲ್ಲ.

ಸಾದಾ ಸ್ಪ್ಯಾನರ್ ನಟ್ಟಿನ ಎರಡೇ ಮುಖ ಹಿಡಿಯುತ್ತೆ. ಪೈಪಿನ ನಟ್ ಮೆತ್ತಗೆ, ಒಳಗೆ ಟೊಳ್ಳು ಬೇರೆ. ತುಕ್ಕು ಹಿಡಿದಿದ್ರೆ ಒಂದೇ ಎಳೆತಕ್ಕೆ ಮೂಲೆಗಳು ದುಂಡಗಾಗುತ್ತವೆ. ಫ್ಲೇರ್ ಸ್ಪ್ಯಾನರ್ ಪೈಪ್ ದಾಟೋಕೆ ಬೇಕಾದಷ್ಟು ಸಂದಿ ಬಿಟ್ಟು ಐದು ಮುಖ ತಬ್ಬುತ್ತೆ. ಕೊಳ್ಳುವಾಗ ಬಾಯಿಯ ಗೋಡೆ ದಪ್ಪ ನೋಡಿ. ತೆಳು ಇದ್ರೆ ಬಲ ಬಿದ್ದಾಗ ಬಾಯಿ ಅಗಲ ಆಗಿ ಸಾದಾ ಸ್ಪ್ಯಾನರ್ ಮಾಡೋದನ್ನೇ ಇದೂ ಮಾಡುತ್ತೆ.

ಬಿಚ್ಚೋ ಕ್ರಮ: ಮೊದಲು ಪೈಪಿನ ನಟ್ ಸಡಿಲಿಸಿ, ಆಮೇಲೆ ಸಿಲಿಂಡರ್‌ನ ಬೋಲ್ಟ್‌ಗಳು. ಉಲ್ಟಾ ಮಾಡಿದ್ರೆ ಸಿಲಿಂಡರ್ ಅಲ್ಲಾಡಿ ಪೈಪ್ ತಿರುಚಿಕೊಳ್ಳುತ್ತೆ. ಹಾಕುವಾಗ ಪೈಪಿನ ನಟ್ ಕೈಬೆರಳಲ್ಲಿ ಮೂರ್ನಾಲ್ಕು ಸುತ್ತು ಹೋಗಬೇಕು, ಆಮೇಲಷ್ಟೇ ಸಿಲಿಂಡರ್ ಬೋಲ್ಟ್ ಬಿಗೀರಿ, ಇಲ್ಲಾಂದ್ರೆ ಥ್ರೆಡ್ ಅಡ್ಡ ಹತ್ತುತ್ತೆ. ಬ್ಲೀಡರ್‌ಗೆ (ಪೈಪಿನೊಳಗಿನ ಗಾಳಿ ಹೊರಬಿಡೋ ಸ್ಕ್ರೂ) ಆರು ಮೂಲೆಯ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್, ಸಾಮಾನ್ಯವಾಗಿ 8, ಕೆಲವಕ್ಕೆ 7 ಅಥವಾ 10. ಹನ್ನೆರಡು ಮೂಲೆಯದು ಬೇಡ.

ಶೂ ಬಿಚ್ಚಿರುವಾಗ ಯಾರೂ ಪೆಡಲ್ ಮುಟ್ಟಬಾರದು. ಪಿಸ್ಟನ್ ಹೊರಗೆ ಹಾರುತ್ತೆ. ಸಿಲಿಂಡರ್‌ನ ಎರಡು ತುದಿಗೂ ಸೇರಿ ಒಂದು ಗಟ್ಟಿ ರಬ್ಬರ್ ಬ್ಯಾಂಡ್ ಅಥವಾ ಕೇಬಲ್ ಟೈ ಹಾಕಿಟ್ಟರೆ ನಿಶ್ಚಿಂತೆ.

ಮತ್ತೆ ಧೂಳು. ಗಾಳಿ ಹೊಡೀಬೇಡಿ, ಒಣ ಬ್ರಷ್ ಹಾಕಬೇಡಿ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇದೆಯೋ ಇಲ್ಲವೋ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಕೆಳಗೆ ತಟ್ಟೆ ಇಟ್ಟು, ಸೋಪಿನ ನೀರೋ ಬ್ರೇಕ್ ಕ್ಲೀನರ್ರೋ ಹಾಕಿ ಪೂರ್ತಿ ನೆನೆಸಿ ತೊಳೀರಿ. ಬಟ್ಟೆ ಮಾಸ್ಕ್ ಇದಕ್ಕೆ ಲೆಕ್ಕಕ್ಕಿಲ್ಲ, ಸಣ್ಣ ಕಣ ತಡೆಯೋ ಫಿಲ್ಟರ್ ಮಾಸ್ಕೇ ಬೇಕು.

ಹಿಂಗಾಲಿ:

ಬೂಟ್ ಎತ್ತಿ ನೋಡಿದೆ, ಎರಡೂ ಕಡೆ ಒಣಗಿದೆ. ಡ್ರಮ್ 200.6, ಅಚ್ಚು 201. ಎಡಗಡೆ ಜೋಡಿಸಿ ಆಯ್ತು, ಆದರೆ ಒಂದು ಗೊಂದಲ. ಹಳೇ ಅಡ್ಜಸ್ಟರ್ ಎರಡನ್ನೂ ಒಟ್ಟಿಗೆ ತೊಳೆದು ಗ್ರೀಸ್ ಹಾಕಿಟ್ಟಿದ್ದೆ. ಈಗ ಎಡಕ್ಕೆ ಹಾಕಿದ್ದರಲ್ಲಿ ಲಿವರ್ ಕೈಯಲ್ಲಿ ಒತ್ತಿದರೆ ಹಲ್ಲುಚಕ್ರ ಟಕ್ ಟಕ್ ತಿರುಗುತ್ತೆ, ಆದರೆ ಕಡ್ಡಿ ಉದ್ದ ಆಗೋ ಬದಲು ಗಿಡ್ಡ ಆಗ್ತಿರೋ ಹಾಗಿದೆ. ಲಿವರ್ ಉಲ್ಟಾ ಹಾಕಿದ್ದೀನಾ?

ಕಾಲುಮಿಲಿ:

ಲಿವರ್ ಸರಿಯಾಗಿಯೇ ಇರಬೇಕು. ಅಡ್ಜಸ್ಟರ್‌ಗಳು ಅದಲುಬದಲಾಗಿವೆ. ಒಂದು ಬದಿಯದಕ್ಕೆ ಬಲ ಥ್ರೆಡ್, ಇನ್ನೊಂದು ಬದಿಯದಕ್ಕೆ ಎಡ ಥ್ರೆಡ್. ಕಾರಿನ ಎರಡೂ ಬದಿಯ ಲಿವರ್ ಒಂದರ ಕನ್ನಡಿ ಬಿಂಬದಂತೆ ಇನ್ನೊಂದು ಇರುವುದರಿಂದ ಹೀಗೆ. ಬದಲಾದರೆ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಅಂತರ ಹೆಚ್ಚುತ್ತಾ ಹೋಗುತ್ತದೆ. ಕಡ್ಡಿಯ ಮೇಲೆ ಎಲ್ ಅಥವಾ ಆರ್ ಎಂದು ಸಣ್ಣದಾಗಿ ಕುಟ್ಟಿರಬಹುದು, ಗ್ರೀಸ್ ಒರೆಸಿ ನೋಡಿ. ಕಾಣದಿದ್ದರೆ ನೀವು ಈಗ ಮಾಡಿದ ಪರೀಕ್ಷೆಯೇ ಸಾಕು: ಲಿವರ್ ಒತ್ತಿದಾಗ ಸ್ಕ್ರೂ ಹೊರಗೆ ಬರಬೇಕು.

ಸ್ಪ್ರಿಂಗ್‌ಮೇಷ್ಟ್ರು:

ಬಿಚ್ಚಿದಾಗ ಇನ್ನೂ ಎರಡು ನೋಡಿಬಿಡಿ. ಹ್ಯಾಂಡ್ ಬ್ರೇಕ್ ಲಿವರನ್ನು ಹೊಸ ಶೂಗೆ ದಾಟಿಸಿದಾಗ ಕುದುರೆ ಲಾಳದ ಆಕಾರದ ಕ್ಲಿಪ್ ಹೊಸದೇ ಹಾಕಿದ್ರಾ? ಹಳೇದು ಸ್ಕ್ರೂಡ್ರೈವರ್‌ನಲ್ಲಿ ಅಗಲಿಸಿ ತೆಗೆದಾಗಲೇ ಅದರ ಜೀವ ಹೋಗಿರುತ್ತೆ. ಹೊಸದನ್ನು ಪ್ಲೈಯರ್‌ನಲ್ಲಿ ಹಿಚುಕಿದ ಮೇಲೆ ಲಿವರ್ ತನ್ನ ಭಾರಕ್ಕೆ ತಾನೇ ಬೀಳೋಷ್ಟು ಸಲೀಸು ಇರಬೇಕು, ಅಡಿಯ ಅಲೆ ವಾಷರ್ ಕಳೆದಿರಬಾರದು.

ಇನ್ನೊಂದು, ಬ್ಯಾಕ್ ಪ್ಲೇಟಿನಲ್ಲಿ ಶೂನ ಅಂಚು ಉಜ್ಜೋ ಉಬ್ಬು ಜಾಗಗಳು, ಒಂದೊಂದು ಶೂಗೆ ಮೂರರಂತೆ ಆರು. ಅಲ್ಲಿ ತುಕ್ಕು ಉಜ್ಜಿ ತೆಗೆದು, ಹೆಚ್ಚು ಬಿಸಿ ತಡೆಯೋ ಬ್ರೇಕ್ ಗ್ರೀಸ್ ಬೆರಳಿಂದ ತೆಳುವಾಗಿ ಸವರಿ. ಉಗುರಿಗೆ ಸಿಗೋಷ್ಟು ಗುಳಿ ಬಿದ್ದಿದ್ರೆ ಶೂ ಅದರಲ್ಲಿ ಸಿಕ್ಕಿ ಸಿಕ್ಕಿ ಚಲಿಸುತ್ತೆ, ಬ್ರೇಕ್ ಒತ್ತಿದಾಗ ‘ಕಟ್’ ಅನ್ನೋ ಸದ್ದು ಅದರದ್ದೇ. ಬೇರಿಂಗ್ ಗ್ರೀಸ್ ಬೇಡ, ಕಾದರೆ ಇಳಿದು ಲೈನಿಂಗ್ ಮೇಲೆ ಬರುತ್ತೆ. ಗ್ರೀಸ್ ಕೈಯಲ್ಲಿ ಲೈನಿಂಗ್ ಮುಟ್ಟಿದ್ದೀರಾದ್ರೆ ಡ್ರಮ್ ಮುಚ್ಚೋ ಮುಂಚೆ ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಲ್ಲಿ ಒರೆಸಿ.

ಹಿಂಗಾಲಿ:

ಎಡಗಡೆ ಕಡ್ಡಿಯ ಮೇಲೆ ಆರ್ ಅಂತಲೇ ಇತ್ತು. ಬದಲಿಸಿದೆ, ಈಗ ಲಿವರ್ ಒತ್ತಿದರೆ ಸ್ಕ್ರೂ ಹೊರಗೆ ಬರ್ತಿದೆ. ಕ್ಲಿಪ್ ಹಳೇದೇ ಹಾಕಿದ್ದೆ, ಶೂ ಡಬ್ಬದ ತಳದಲ್ಲಿ ಹೊಸ ಎರಡು ಇದ್ದವು. ಅವನ್ನೇ ಹಾಕ್ತೀನಿ.